‘ನಿರೀಕ್ಷಿಸಿ!’

ಪ್ರತಿ ಜನವರಿಯ ಮೊದಲ ವಾರ ನಾನೊಂದು ಪಟ್ಟಿ ಬರೆಯುತ್ತೇನೆ. ಈ ವರ್ಷ ಕಾದು ನೋಡಬೇಕಾದ ಕನ್ನಡ ಸಿನಿಮಾಗಳ ಪಟ್ಟಿ. 1998ರಲ್ಲಿ ಗದಗ ಬಿಟ್ಟು ಕೆಲಸಕ್ಕೆಂದು ಪುಣೆಗೆ ಬಂದ ಮೇಲೆ ಹತ್ತಿದ ಚಟ ಇದು. ಕಳೆದ ತಿಂಗಳು ಮನೆ ಬದಲಿಸುವಾಗ ಹಳೆಯ ಡೈರಿಗಳ ಕಟ್ಟು ಬಿಚ್ಚಿದೆ. 2022ರ ಡೈರಿಯ ಕೊನೆಯ ಪುಟದಲ್ಲಿ ಐದು ಹೆಸರುಗಳಿದ್ದವು: ಕೆಜಿಎಫ್ ಚಾಪ್ಟರ್ 2, ಜೇಮ್ಸ್, ವಿಕ್ರಾಂತ್ ರೋಣ, 777 ಚಾರ್ಲಿ, ಗಾಳಿಪಟ 2. ಪಕ್ಕದಲ್ಲಿ ಎರಡು ಕಾಲಮ್ಮು. ಮೊದಲನೆಯದು ‘ಯಾವಾಗ?’, ಎರಡನೆಯದು ‘ಪುಣೆಗೆ ಬರುತ್ತದೆಯೇ?’

ಬೆಂಗಳೂರಿನಲ್ಲಿರುವ ಅಭಿಮಾನಿಗೆ ಮೊದಲನೆಯ ಕಾಲಮ್ಮು ಸಾಕು. ಎರಡನೆಯದು ನಮ್ಮಂಥವರದು. ಅದರ ಹಿಂದೆ ಒಂದು ಚರಿತ್ರೆ ಇದೆ. ಅದನ್ನು ಹುಡುಕುತ್ತಾ ಹೋದವನಿಗೆ ಮೊದಲು ಸಿಕ್ಕಿದ್ದು ಪುಣೆಯಿಂದ ನಾಲ್ಕೈದು ತಾಸಿನ ದಾರಿಯ ಕೊಲ್ಹಾಪುರ.

ಮೊದಲ ವಾಕ್ಚಿತ್ರ ‘ಆಲಂ ಆರಾ’ ಬಂದದ್ದು 1931ರ ಮಾರ್ಚಿನಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಕಾಳಿದಾಸ್’ ಬಂದು ತೆರೆಯ ಮೇಲೆ ತಮಿಳು, ತೆಲುಗು ಕೇಳಿಸಿದವು. 1932ರಲ್ಲಿ ‘ಅಯೋಧ್ಯೇಚಾ ರಾಜಾ’ ಮರಾಠಿಯವರಿಗೆ ಸಿಕ್ಕಿತು. ಕನ್ನಡದವರು ಮಾತ್ರ ಕಾಯುತ್ತಲೇ ಇದ್ದರು. ನಾಟಕ ಕಂಪನಿಗಳಿದ್ದವು, ನಟರಿದ್ದರು, ನೋಡುವ ಮಂದಿಯೂ ಇದ್ದರು. ಮಾತನ್ನು ಮುದ್ರಿಸುವ ಸ್ಟುಡಿಯೋ ನಮ್ಮಲ್ಲಿರಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿದ್ದ ಮಾರವಾಡಿ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ ದುಡ್ಡು ಹಾಕಿದರು. ವೈ.ವಿ. ರಾವ್ ನಿರ್ದೇಶಕ. ಬೆಳ್ಳಾವೆ ನರಹರಿ ಶಾಸ್ತ್ರಿಗಳದು ಮಾತು ಮತ್ತು ಹಾಡು. ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ಇವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೋದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋಕ್ಕೆ. ‘ಭಕ್ತ ಧ್ರುವ’ದ ಚಿತ್ರೀಕರಣ ಇದಕ್ಕಿಂತ ಮೊದಲೇ ಶುರುವಾಗಿತ್ತು. ಆದರೆ ತೆರೆಗೆ ಮೊದಲು ಬಂದದ್ದು ‘ಸತಿ ಸುಲೋಚನ’, 1934ರ ಮಾರ್ಚ್ 3ರಂದು, ಬೆಂಗಳೂರು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ.

ಅಂದರೆ ಕನ್ನಡದ ಮೊದಲ ವಾಕ್ಚಿತ್ರ ಹುಟ್ಟಿದ್ದು ಮರಾಠಿ ಮಾತಾಡುವ ಊರಿನಲ್ಲಿ. ಬೆಂಗಳೂರಿಗೆ ಬಂದದ್ದು ಆಮೇಲೆ. ನಮ್ಮ ಮಕ್ಕಳು ಇಲ್ಲಿ ಹುಟ್ಟಿ ಬೇಸಿಗೆಯ ರಜೆಗೆ ಅಜ್ಜನ ಊರಿಗೆ ಹೋದಂತೆ. ಈಗ ಆ ಚಿತ್ರದ ಪ್ರತಿಯೇ ಉಳಿದಿಲ್ಲ. ಪ್ರಭಾತ್ ಕಂಪನಿ ಹುಟ್ಟಿದ್ದೂ ಅದೇ ಕೊಲ್ಹಾಪುರದಲ್ಲಿ. 1933ರಲ್ಲಿ ಅದು ಪುಣೆಗೆ ಬಂತು. ಅದರ ಜಾಗದಲ್ಲೀಗ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಗಿರೀಶ ಕಾಸರವಳ್ಳಿ ಓದಿದ್ದು ಅಲ್ಲಿ, ಗಿರೀಶ ಕಾರ್ನಾಡರು ಎಪ್ಪತ್ತರ ದಶಕದಲ್ಲಿ ನಿರ್ದೇಶಕರಾಗಿದ್ದದ್ದೂ ಅಲ್ಲಿ. ಲಾ ಕಾಲೇಜ್ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ಬೈದುಕೊಳ್ಳುವಾಗ ಒಮ್ಮೊಮ್ಮೆ ಇದು ನೆನಪಾಗುತ್ತದೆ.

ಕೊಲ್ಹಾಪುರದ ನಂತರ ಮದರಾಸು. 1940ರ ದಶಕದಲ್ಲಿ ವರ್ಷಕ್ಕೆ ತಯಾರಾದ ಕನ್ನಡ ಚಿತ್ರಗಳು ಬೆರಳೆಣಿಕೆಯವು. 1954ರ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರ್ ನಾಯಕರಾದರು. ಅಲ್ಲಿಂದ ಚಿತ್ರಗಳ ಸಂಖ್ಯೆ ಏರಿತು. ಆದರೆ ಸ್ಟುಡಿಯೋ, ಲ್ಯಾಬು, ಹಾಡಿನ ಧ್ವನಿಮುದ್ರಣ ಎಲ್ಲ ಬಹುಮಟ್ಟಿಗೆ ಮದರಾಸಿನಲ್ಲೇ. ನಟರು, ತಂತ್ರಜ್ಞರು ಅಲ್ಲೇ ಮನೆ ಮಾಡಿದರು, ಮಕ್ಕಳು ಅಲ್ಲೇ ಬೆಳೆದರು. 1966ರಲ್ಲಿ ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಶುರುವಾಯಿತು. ರಾಜ್ಯದಲ್ಲೇ ತಯಾರಾದ ಚಿತ್ರಗಳಿಗೆ ಸರಕಾರ ಸಹಾಯಧನ ಕೊಡತೊಡಗಿತು. ಆಮೇಲೆ ಒಬ್ಬೊಬ್ಬರಾಗಿ ವಾಪಸಾದರು.

ಕಾಯಿಸಿದ ಸಿನಿಮಾ ಎಂದರೆ ಆ ಕಾಲದಲ್ಲಿ ‘ಸಂಸ್ಕಾರ’. ಅನಂತಮೂರ್ತಿಯವರ ಕಾದಂಬರಿ. ಅದನ್ನು ಸಿನಿಮಾ ಮಾಡಿದವರು ಯಾರು ನೋಡಿ. ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ, ಅವರ ಪತ್ನಿ ಸ್ನೇಹಲತಾ ರೆಡ್ಡಿ, ಆಗ ಮದರಾಸಿನಲ್ಲಿ ಆಕ್ಸ್‌ಫರ್ಡ್ ಪ್ರೆಸ್ಸಿನ ಕೆಲಸದಲ್ಲಿದ್ದ ಕಾರ್ನಾಡ್, ಚೋಳಮಂಡಲದ ಕಲಾವಿದ ಎಸ್.ಜಿ. ವಾಸುದೇವ್, ಆಸ್ಟ್ರೇಲಿಯಾದ ಕ್ಯಾಮೆರಾಮನ್ ಟಾಮ್ ಕೊವನ್. ಮದರಾಸಿನ ನಾಟಕದ ಗೆಳೆಯರ ಬಳಗ ಶೃಂಗೇರಿ ಸೀಮೆಯ ವೈಕುಂಠಪುರಕ್ಕೆ ಹೋಗಿ ಚಿತ್ರ ತೆಗೆಯಿತು. ಮದರಾಸಿನ ಸೆನ್ಸಾರ್ ಅದನ್ನು ತಡೆಯಿತು. ನಿಷೇಧ ತೆರವಾಗಿ ಚಿತ್ರ ಬಂದಾಗ 1970ರ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ, ಕನ್ನಡಕ್ಕೆ ಮೊದಲ ಸ್ವರ್ಣಕಮಲ. ಕನ್ನಡ ನವ್ಯ ಸಿನಿಮಾ ಎಂದು ನಾವು ಹೆಮ್ಮೆಯಿಂದ ಹೇಳುವುದರ ಮೊದಲ ಪುಟದಲ್ಲಿ ಅರ್ಧಕ್ಕರ್ಧ ಜನ ಊರು ಬಿಟ್ಟವರು, ಇಲ್ಲವೇ ಕನ್ನಡ ತಾಯ್ನುಡಿ ಅಲ್ಲದವರು.

ನಮ್ಮೂರಿನ ಕಡೆಗೆ ಈ ಸುದ್ದಿಯೆಲ್ಲ ಬರುತ್ತಿರಲಿಲ್ಲ. ನಮಗೆ ಬರುತ್ತಿದ್ದದ್ದು ಪೋಸ್ಟರ್. ಗದಗಿನ ಸ್ಟೇಷನ್ ರಸ್ತೆಯ ಗೋಡೆಗೆ ಅಂಟಿಸಿದ ಹಾಳೆಯ ಮೂಲೆಯಲ್ಲಿ ದಪ್ಪಕ್ಷರದಲ್ಲಿ ‘ನಿರೀಕ್ಷಿಸಿ!’. ಎಷ್ಟು ದಿನ ಅಂತ ಬರೆದಿರುತ್ತಿರಲಿಲ್ಲ. ಪ್ರಿಂಟುಗಳು ಕಡಿಮೆ. ಚಿತ್ರ ಮೊದಲು ಬೆಂಗಳೂರಿನ ಗಾಂಧಿನಗರದಲ್ಲಿ, ಆಮೇಲೆ ಹುಬ್ಬಳ್ಳಿಯಲ್ಲಿ, ಆಮೇಲೆ ನಮ್ಮಲ್ಲಿ. ಹಳ್ಳಿಯ ಟೂರಿಂಗ್ ಟಾಕೀಸಿಗೆ ಹೋಗುವಷ್ಟರಲ್ಲಿ ರೀಲು ಮಳೆ ಸುರಿಸುತ್ತಿತ್ತು. ರೀಲಿನ ಡಬ್ಬಗಳು ಬಸ್ಸಿನ ಟಾಪಿನ ಮೇಲೆ ಬರುತ್ತಿದ್ದವು. ಬಸ್ ಸ್ಟ್ಯಾಂಡಿನಲ್ಲಿ ಡಬ್ಬ ಇಳಿಯುವುದನ್ನು ನೋಡಿದ ಹುಡುಗ ಸಾಲಿಯೊಳಗೆ ಅವತ್ತಿನ ಮಟ್ಟಿಗೆ ದೊಡ್ಡ ಮನುಷ್ಯ.

‘ಬಂಗಾರದ ಮನುಷ್ಯ’ 1972ರಲ್ಲಿ ಬಂದು ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಇವತ್ತು ಶುಕ್ರವಾರದಿಂದ ಭಾನುವಾರದೊಳಗೆ ಒಂದು ಚಿತ್ರದ ಹಣೆಬರಹ ತೀರ್ಮಾನವಾಗುತ್ತದೆ. ಆಗ ಚಿತ್ರವೂ ಅವಸರ ಮಾಡುತ್ತಿರಲಿಲ್ಲ, ನೋಡುವವರೂ ಮಾಡುತ್ತಿರಲಿಲ್ಲ. ಅಪ್ಪ ಅದನ್ನು ನೋಡಿದ್ದು ಬಿಡುಗಡೆಯಾಗಿ ಎಷ್ಟೋ ತಿಂಗಳ ಮೇಲೆ. ತಡವಾಯಿತು ಅಂತ ಅವರು ಯಾವತ್ತೂ ಅಂದದ್ದಿಲ್ಲ.

ನನ್ನ ತಲೆಮಾರಿನ ಹೊರನಾಡಿಗರಿಗೆ ಇನ್ನೊಂದು ಕಾಯುವಿಕೆ ನೆನಪಿರಬಹುದು. ಎಂಬತ್ತರ ದಶಕದ ಕೊನೆಯಲ್ಲಿ ದೂರದರ್ಶನದ ಭಾನುವಾರ ಮಧ್ಯಾಹ್ನ. ಕಿವುಡರಿಗಾಗಿ ಕೈಸನ್ನೆಯ ವಾರ್ತೆ ಮುಗಿಯುತ್ತಲೇ ಪ್ರಾದೇಶಿಕ ಭಾಷೆಯ ಚಿತ್ರ. ಬಂಗಾಳಿ, ಮಲಯಾಳಂ, ಒಡಿಯಾ ಎಲ್ಲ ಆಗಿ ಕನ್ನಡದ ಸರದಿ ಬರಬೇಕು. ‘ತಬರನ ಕಥೆ’ಯನ್ನು ನಾನು ನೋಡಿದ್ದು ಹಾಗೆ, ಪಕ್ಕದ ಮನೆಯಲ್ಲಿ ಕುಳಿತು. ಆಗ ನಾಗಪುರದಲ್ಲಿ ರೈಲ್ವೆಯಲ್ಲಿದ್ದ ನಮ್ಮ ಕಾಕಾ ಅದೇ ಹೊತ್ತಿಗೆ ಅಲ್ಲಿ ನೋಡಿದ್ದರಂತೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನನ್ನು ನೋಡಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ ಅಂತ ಪತ್ರ ಬರೆದಿದ್ದರು. ವರ್ಷಕ್ಕೆ ಒಂದೆರಡು ಸಲ ಮನೆಯೊಳಗೆ ಟಿ.ವಿ.ಯಿಂದ ಕನ್ನಡ ಕೇಳಿಸುತ್ತದೆ ಎನ್ನುವುದೇ ಅವರಿಗೆ ಹಬ್ಬ.

ಪುಣೆಯಲ್ಲಿ ನನ್ನ ಮೊದಲ ಎಂಟು ವರ್ಷದ ಪಟ್ಟಿಗಳಲ್ಲಿ ಎರಡನೆಯ ಕಾಲಮ್ಮು ಬಹುತೇಕ ‘ಇಲ್ಲ’. ಊರಿಗೆ ಹೋದವರು ತಂದ ವಿಸಿಡಿಯೇ ಗತಿ. 2006ರ ಡಿಸೆಂಬರ್ 29ರಂದು ‘ಮುಂಗಾರು ಮಳೆ’ ಬಂತು. ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಗಣೇಶ್ ಆಗ ದೊಡ್ಡ ಹೆಸರಲ್ಲ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಅದು ಒಂದು ವರ್ಷಕ್ಕೂ ಮೀರಿ ಓಡಿತು. ಸಂಗೀತ ಕೊಟ್ಟ ಮನೋಮೂರ್ತಿ ಅಮೆರಿಕದಲ್ಲಿದ್ದವರು. ಊರೆಲ್ಲ ಗುನುಗಿದ ಹಾಡು ಬರೆದ ಜಯಂತ ಕಾಯ್ಕಿಣಿ ಎರಡು ದಶಕ ಮುಂಬಯಿಯಲ್ಲಿ ಬಾಳಿದವರು. ನಮ್ಮ ಆಫೀಸಿನ ಬೆಂಗಳೂರು ಶಾಖೆಯಿಂದ ದಿನಾ ಮಿಂಚಂಚೆ: ‘ನೋಡಿದಿಯಾ?’ ಕೊನೆಗೆ ಇಲ್ಲಿಯ ಕನ್ನಡಿಗರೆಲ್ಲ ಸೇರಿ ವಂತಿಗೆ ಎತ್ತಿ ಭಾನುವಾರ ಬೆಳಿಗ್ಗೆ ಒಂದು ಪ್ರದರ್ಶನ ಹಾಕಿಸಿದೆವು. ಬಾಗಿಲಲ್ಲಿ ಉಪ್ಪಿಟ್ಟು, ಚಹಾ. ಒಳಗೆ ಮಳೆ. ಬೆಳಿಗ್ಗೆ ಹತ್ತಕ್ಕೆ ಪುಣೆಯ ಥಿಯೇಟರೊಂದು ಕನ್ನಡದ ಜೋಕಿಗೆ ಒಟ್ಟಿಗೆ ನಕ್ಕಿತು. ಹೆಂಡತಿ ನನ್ನ ಕೈ ಹಿಡಿದು ‘ಎಷ್ಟ ಮಂದಿ ಅದೇವ್ರೀ ನಾವು!’ ಅಂದಳು.

2013ರ ‘ಲೂಸಿಯಾ’ಕ್ಕೆ ಕಾದದ್ದು ಬೇರೆ ಬಗೆ. ನಿರ್ಮಾಪಕರು ಸಿಗದೆ ಪವನ್ ಕುಮಾರ್ ಜನರ ಹತ್ತಿರವೇ ದುಡ್ಡು ಕೇಳಿದರು. ಸುಮಾರು ಅರ್ಧ ಕೋಟಿ ಕೂಡಿತು. ನಾನು ಹಾಕಿರಲಿಲ್ಲ. ಆಗಷ್ಟೇ ಮನೆಯ ಸಾಲ ತೆಗೆದಿದ್ದೆ. ಹಾಕಿದ ಗೆಳೆಯ ಚಿತ್ರದ ಬಗ್ಗೆ ಮಾತಾಡುವಾಗೆಲ್ಲ ‘ನಮ್ಮ ಸಿನಿಮಾ’ ಅನ್ನುತ್ತಿದ್ದ. ಈಗಲೂ ಅನ್ನುತ್ತಾನೆ.

2018ರ ಡಿಸೆಂಬರ್ 21. ಶಾರುಖ್ ಖಾನರ ‘ಜೀರೋ’ ಬಿಡುಗಡೆಯಾದ ದಿನವೇ ‘ಕೆಜಿಎಫ್’ ಹಿಂದಿಯಲ್ಲೂ ಬಂತು. ನನ್ನ ಎರಡನೆಯ ಕಾಲಮ್ಮಿನಲ್ಲಿ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ದೊಡ್ಡ ‘ಹೌದು’. ಆದರೆ ಟಿಕೆಟ್ ತೆಗೆಯಲು ಕೂತಾಗ ಗೊತ್ತಾಯಿತು. ಪುಣೆಗೆ ಬಂದದ್ದು ಹಿಂದಿಯ ಕೆಜಿಎಫ್. ಕನ್ನಡದ್ದು ಒಂದೇ ಒಂದು ಆಟ, ಊರಾಚೆಯ ಮಾಲಿನಲ್ಲಿ, ರಾತ್ರಿ ಹತ್ತೂವರೆಗೆ. ಇಷ್ಟು ವರ್ಷ ಕೇಳಬೇಕಾಗಿದ್ದ ಪ್ರಶ್ನೆ ‘ಬರುತ್ತದೆಯೇ?’ ಅಲ್ಲ, ‘ಯಾವ ಭಾಷೆಯಲ್ಲಿ ಬರುತ್ತದೆ?’ ಎಂಬುದು ನನಗೆ ಹೊಳೆದಿರಲೇ ಇಲ್ಲ. ಡಬ್ಬಿಂಗ್ ಬೇಡ ಅಂತ ಅರವತ್ತರ ದಶಕದಿಂದ ಹೋರಾಡಿದ ಚಿತ್ರರಂಗ ನಮ್ಮದು. ಈಗ ಅದೇ ಡಬ್ಬಿಂಗಿನ ಬೆನ್ನೇರಿ ಅದು ದೇಶ ಸುತ್ತುತ್ತಿತ್ತು. ಬೇಜಾರು ಮಾಡಿಕೊಳ್ಳಬೇಕೋ ಸಂತೋಷಪಡಬೇಕೋ? ಮರಾಠಿ ಸಹೋದ್ಯೋಗಿ ಒಬ್ಬ ಬಂದು ‘ನಿಮ್ಮ ಯಶ್ ಭಾರಿ ಇದ್ದಾನಪ್ಪ’ ಅಂದಾಗ ನಾನೇ ಮಾಡಿದ ಸಿನಿಮಾ ಎಂಬಂತೆ ಬೀಗಿದ್ದೆ. ಸುಳ್ಳು ಯಾಕೆ ಹೇಳಲಿ?

ಎರಡನೆಯ ಭಾಗ 2020ರ ಅಕ್ಟೋಬರ್ 23ಕ್ಕೆ ಎಂದಿದ್ದರು. ಕೊರೋನಾ ಬಂತು. 2021ರ ಜುಲೈ 16 ಎಂದರು. ಅವತ್ತು ರಾಷ್ಟ್ರೀಯ ರಜೆ ಕೊಡಿ ಅಂತ ಅಭಿಮಾನಿಯೊಬ್ಬ ಪ್ರಧಾನಿಗೇ ಪತ್ರ ಬರೆದ. ಬಂದದ್ದು 2022ರ ಏಪ್ರಿಲ್ 14ಕ್ಕೆ. ಅಷ್ಟರಲ್ಲಿ ಯಾರೂ ನಿರೀಕ್ಷಿಸದ್ದು ನಡೆದುಹೋಗಿತ್ತು. 2021ರ ಅಕ್ಟೋಬರ್ 29ರಂದು ಪುನೀತ್ ಹೋದರು. 2022ರ ಪಟ್ಟಿಯಲ್ಲಿ ‘ಜೇಮ್ಸ್’ ಎದುರು ನಾನು ದಿನಾಂಕ ಮಾತ್ರ ಬರೆದಿದ್ದೇನೆ: ಮಾರ್ಚ್ 17, ಅವರ ಹುಟ್ಟುಹಬ್ಬ. ಅವರಿಗೆ ಡಬ್ಬಿಂಗ್ ಮುಗಿಸಲು ಆಗಿರಲಿಲ್ಲ. ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟರು. ತೆರೆಯ ಮೇಲೆ ತಮ್ಮನ ತುಟಿ ಅಲ್ಲಾಡುತ್ತಿದೆ, ಕೇಳುತ್ತಿರುವುದು ಅಣ್ಣನ ದನಿ. ಕಥೆ ಏನಿತ್ತು ಅಂತ ನನಗೆ ಈಗ ನೆನಪಿಲ್ಲ. ನನ್ನ ಸಾಲಿನಲ್ಲಿ ಕೂತಿದ್ದ ಧಾರವಾಡದ ಹುಡುಗರು ಮೊದಲ ಹಾಡಿಗೆ ಶಿಳ್ಳೆ ಹೊಡೆಯಲು ಶುರುಮಾಡಿ ನಡುವೆಯೇ ನಿಲ್ಲಿಸಿದ್ದು ನೆನಪಿದೆ.

ಆ ವರ್ಷದ ಐದೂ ಸಿನಿಮಾ ಪುಣೆಗೆ ಬಂದವು. ಡೈರಿಯಲ್ಲಿ ಐದು ಟಿಕ್ ಗುರುತುಗಳಿವೆ. ಮತ್ತೆ ಮುಂಗಾರು ಮಳೆಯ ಕಥೆಯೇ: ಪಟ್ಟಿಯಲ್ಲಿ ಇಲ್ಲದ್ದು ಸೆಪ್ಟೆಂಬರ್ 30ಕ್ಕೆ ಬಂತು. ‘ಕಾಂತಾರ’. ಮೊದಲು ಕನ್ನಡದಲ್ಲಿ ಮಾತ್ರ. ಎರಡು ವಾರ ಬಿಟ್ಟು ಅಕ್ಟೋಬರ್ 14ಕ್ಕೆ ಹಿಂದಿಯಲ್ಲಿ. ಆಫೀಸಿನ ಕೆಲಸದಲ್ಲಿ ಸಿಕ್ಕಿಬಿದ್ದು ನಾನು ಮೊದಲ ವಾರಗಳನ್ನು ತಪ್ಪಿಸಿಕೊಂಡೆ. ಆಮೇಲೆ ಒಂದು ಭಾನುವಾರ ಬೆಳಿಗ್ಗೆಯ ಕನ್ನಡದ ಆಟಕ್ಕೆ ಮೂರು ಟಿಕೆಟ್ ತೆಗೆದೆ. ಕಾಲೇಜು ಸೇರಿದ್ದ ಮಗಳಿಗೆ ಹೇಳಿದಾಗ ಅವಳ ಮುಖ ಸಣ್ಣಗಾಯಿತು.

‘ಅಪ್ಪಾ, ನಾ ನೋಡಿಬಿಟ್ಟೆ. ಫ್ರೆಂಡ್ಸ್ ಜೋಡಿ. ಹಿಂದಿಯೊಳಗ.’

ನಾನು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವಳಿಗೆ ಜಾಸ್ತಿ ಹತ್ತಿರಬೇಕು. ಭಾನುವಾರ ಎಲ್ಲರಿಗಿಂತ ಮೊದಲು ಎದ್ದು ತಯಾರಾಗಿ ಕೂತಿದ್ದಳು. ಸಿನಿಮಾ ಶುರುವಾಯಿತು. ಕುಂದಾಪುರದ ಕಡೆಯ ಕನ್ನಡ, ಬಿರುಸಾಗಿ. ಗದಗಿನವನಾದ ನನಗೆ ಮಾತುಗಳ ನಡುನಡುವೆ ಕೊಂಡಿ ತಪ್ಪುತ್ತಿತ್ತು. ಹೆಂಡತಿ ‘ಏನಂದ್ರೀ?’ ಅಂತ ಪಿಸುಗುಟ್ಟಿದಳು. ನನಗೂ ಗೊತ್ತಾಗಿರಲಿಲ್ಲ. ಮಗಳು ಅತ್ತಿಂದ ಬಾಗಿ ನಮ್ಮಿಬ್ಬರಿಗೂ ಅರ್ಥ ಹೇಳಿದಳು. ಹಿಂದಿಯಲ್ಲಿ ಕೇಳಿದ್ದ ಮಾತನ್ನು ನಮ್ಮ ಮನೆಯ ಕನ್ನಡಕ್ಕೆ ತಿರುಗಿಸಿ. ಸಿನಿಮಾ ಮುಗಿಯುವವರೆಗೂ ಹಾಗೇ ನಡೆಯಿತು. ಕೊನೆಯ ಇಪ್ಪತ್ತು ನಿಮಿಷ ಮಾತ್ರ ಅವಳು ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಡೈರಿಯ ಆ ಪುಟದ ಕೆಳಗೆ ಬೇರೆ ಶಾಯಿಯಲ್ಲಿ ‘ಕಾಂತಾರ’ ಅಂತ ಸೇರಿಸಿದ್ದೇನೆ. ಎರಡನೆಯ ಕಾಲಮ್ಮಿನಲ್ಲಿ ‘ಎರಡು ಸಲ ಬಂತು’ ಎಂದಿದೆ.

2025ರ ಪಟ್ಟಿಯಲ್ಲಿ ಒಂದೇ ಸಾಲಿತ್ತು: ಕಾಂತಾರ ಚಾಪ್ಟರ್ 1, ಅಕ್ಟೋಬರ್ 2. ಅವತ್ತು ವಿಜಯದಶಮಿ. ಮಗಳು ಹೈದರಾಬಾದಿನಿಂದ ರಜೆಗೆ ಬರುವವಳಿದ್ದಳು. ಪುಣೆಯಲ್ಲಿ ಆಟಗಳ ಉದ್ದನೆಯ ಸಾಲು ತೆರೆದಿಟ್ಟುಕೊಂಡು ಅವಳಿಗೆ ಫೋನ್ ಮಾಡಿದೆ. ಹಿಂದಿಯದು ಮನೆಯ ಹತ್ತಿರವೇ, ಮಧ್ಯಾಹ್ನ. ಕನ್ನಡದ್ದು ಮತ್ತೆ ದೂರ, ಬೆಳಿಗ್ಗೆ ಬೇಗ.

‘ಯಾವುದು ತಗೀಲಿ?’

‘ಕನ್ನಡದ್ದs ತಗಿ ಅಪ್ಪಾ. ಕೆಳಗ ಸಬ್‌ಟೈಟಲ್ ಅದಾವೇನು ನೋಡು. ಈ ಸಲ ನಾ ಹಿಂದಿ ನೋಡಿಲ್ಲ, ಅರ್ಥ ಹೇಳಾಕ ಬರಂಗಿಲ್ಲ.’