೧೯೬೯: ಚಂದ್ರಲೋಕವೂ ನಮ್ಮ ಬಲಿಪೀಠವೂ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆಂದು ಕಳೆದ ನೂರು ವರ್ಷಗಳತ್ತ ಕಣ್ಣು ಹಾಯಿಸಿದಾಗ ನಮ್ಮ ಮನಸ್ಸು ೧೯೬೯ನೆಯ ಇಸವಿಯಲ್ಲಿ ತಂಗುತ್ತದೆ. ಆಗ ನಮಗೆ ಒಂಬತ್ತು ವರ್ಷ. ಧಾರವಾಡ ಸೀಮೆಯದೇ ಇನ್ನೊಂದು ಹಳ್ಳಿಯಲ್ಲಿದ್ದೆವು.

ಜುಲೈ ೨೧ರ ಸೋಮವಾರ, ನಮ್ಮ ಗಡಿಯಾರದಂತೆ ಬೆಳಗಿನ ಎಂಟೂವರೆಯ ಸುಮಾರಿಗೆ, ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿರಿಸಿದರು. ಅಂದು ಭಾರತದಲ್ಲಿ ಟೆಲಿವಿಷನ್ ದಿಲ್ಲಿಯನ್ನು ದಾಟಿರಲಿಲ್ಲ. ನಮಗೆ ಸುದ್ದಿ ತಂದುದು ಪಂಚಾಯತಿಯ ರೇಡಿಯೋ. ಹಿರಿಯರು ನಂಬಲಿಲ್ಲ. ಮುಂದಿನ ಹುಣ್ಣಿಮೆಗೆ ಅಂಗಳದಲ್ಲಿ ನಿಂತು ನೋಡಿದೆವು, ಏನೂ ಕಾಣಲಿಲ್ಲ. ಆ ಯಾತ್ರಿಕರು ಅಲ್ಲಿ ಬಿಟ್ಟುಬಂದ, ನಾಣ್ಯದಷ್ಟಗಲದ ಸಿಲಿಕಾನ್ ಬಿಲ್ಲೆಯಲ್ಲಿ ೭೩ ರಾಷ್ಟ್ರಗಳ ಸಂದೇಶಗಳೊಡನೆ ಜಗದ್ಗುರು ಆರನೆಯ ಪೌಲರು ಕಳುಹಿಸಿದ ಎಂಟನೆಯ ಕೀರ್ತನೆಯೂ ಇದೆಯೆಂಬುದನ್ನು ನಾವು ಅರಿತುದು ಸೆಮಿನರಿಗೆ ಸೇರಿದ ಮೇಲೆ.

ಅದಕ್ಕೆ ಎರಡು ದಿನ ಮುಂಚೆ, ಜುಲೈ ೧೯ರಂದು, ೧೪ ಬ್ಯಾಂಕುಗಳು ರಾಷ್ಟ್ರೀಕರಣಗೊಂಡಿದ್ದವು. ಅವುಗಳಲ್ಲಿ ಎರಡು ನಮ್ಮ ಕರಾವಳಿಯ ಕೂಸುಗಳು: ೧೯೦೬ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ, ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್. (ಎರಡನೆಯದು ೨೦೨೦ರಲ್ಲಿ ಮೊದಲನೆಯದರೊಳಗೆ ಲೀನವಾಯಿತು.) ರೈತನಿಗೆ ಇನ್ನು ಬ್ಯಾಂಕಿನ ಬಾಗಿಲು ತೆರೆಯಿತೆಂದು ಜನ ಆಡಿಕೊಂಡರು. ನಮ್ಮ ತಂದೆಯವರು ಬೀಜದ ಸಾಲಕ್ಕಾಗಿ ಸಾಹುಕಾರರ ಜಗಲಿ ಹತ್ತುವುದು ತಪ್ಪಲು ಮತ್ತೂ ಏಳೆಂಟು ವರ್ಷ ಹಿಡಿಯಿತು.

ಆದರೆ ನಮ್ಮ ಮನೆಯನ್ನು ಕಲಕಿದುದು ಚಂದ್ರನೂ ಅಲ್ಲ, ಬ್ಯಾಂಕೂ ಅಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಲತೀನಿನ ಸ್ಥಳಕ್ಕೆ ಹಂತಹಂತವಾಗಿ ದೇಶಭಾಷೆಗಳು ಬರುತ್ತಿದ್ದವು. ೧೯೬೯ರ ನವೆಂಬರ್ ೩೦ರಿಂದ, ಆಗಮನ ಕಾಲದ ಪ್ರಥಮ ಭಾನುವಾರದಿಂದ, ಬಲಿಪೂಜೆಯ ಹೊಸ ಕ್ರಮವೇ ಜಾರಿಗೆ ಬಂದಿತು. ಅದೇ ವರ್ಷದ ಏಪ್ರಿಲ್ ೨೫ರಂದು, ಭಾರತದ ಧರ್ಮಾಧ್ಯಕ್ಷರು ಕೇಳಿಕೊಂಡಿದ್ದ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿಗೆಯಿತ್ತಿತ್ತು: ಪಾದರಕ್ಷೆ ಕಳಚುವುದು, ಕೈಮುಗಿಯುವುದು, ಎಣ್ಣೆಯ ದೀಪ, ಆರತಿ ಇತ್ಯಾದಿ.

ಕನ್ನಡ ಪ್ರಾರ್ಥನೆಯನ್ನು ನಮ್ಮ ಅಜ್ಜಿ ಸಂತೋಷದಿಂದಲೇ ಸ್ವೀಕರಿಸಿದ್ದರು. ಆರತಿಯ ಮಾತು ಬಂದಾಗ ಮಾತ್ರ ಗುರುಗಳ ಎದುರು ನಿಂತು ಕೇಳಿದರು: “ಆರತಿ ಬಿಡ್ರಿ ಅಂತ ನಮ್ಮಪ್ಪಗ ಹೇಳಿದವರೂ ನೀವ. ಈಗ ಹಿಡೀರಿ ಅನ್ನೂವರೂ ನೀವ ಏನ್ರೀ?” ಗುರುಗಳಿಂದ ಉತ್ತರ ಬರಲಿಲ್ಲ.

ಬಸದಿ, ಮಠಗಳಿರುವ ಈ ಅಮ್ಮಿನಬಾವಿಯಲ್ಲಿ ನಿಂತು ಯೋಚಿಸುವಾಗ ಆ ಪ್ರಶ್ನೆಯ ಭಾರ ನಮಗೆ ಹೆಚ್ಚು ತಿಳಿಯುತ್ತದೆ. ನೆರೆಯವರ ಆಚಾರದಿಂದ ಬೇರೆಯಾಗಿ ಬಾಳಲು ಆ ತಲೆಮಾರು ಬಂಧುಬಳಗವನ್ನೇ ಕಳೆದುಕೊಂಡಿತ್ತು. ಸುಧಾರಣೆ ಯೋಗ್ಯವಾದುದೆಂದೇ ನಮ್ಮ ಎಣಿಕೆ. ಆದರೆ ಜನರಿಗೆ ತಿಳಿಹೇಳುವುದರಲ್ಲಿ ನಾವು ಯಾಜಕರು ಅವಸರಪಟ್ಟೆವು.

ನಮ್ಮ ಗುರುದೀಕ್ಷೆಯ ತರುವಾಯದ ಪ್ರಥಮ ಬಲಿಪೂಜೆಗೆ ಮುನ್ನ, ಆರತಿ ಬೇಡವೆಂದು ಅಜ್ಜಿ ಹೇಳಿಕಳುಹಿಸಿದರು. ಸಿದ್ಧವಾಗಿದ್ದ ತಟ್ಟೆಯನ್ನು ಅಂದು ಒಳಗೇ ಇರಿಸಿದೆವು.