ಗೋದಿಯ ಬಿಲ್ಲೆ

ನನ್ನ ಅಜ್ಜ ಬೊಂಬಾಯಿಯಲ್ಲಿ ಗೋದಿಯಲ್ಲಿ ಇದ್ದರು ಎಂದು ಮನೆಯಲ್ಲಿ ಹೇಳುತ್ತಿದ್ದರು. ಗೋಧಿ ಮೂಟೆಗಳ ನಡುವೆ ಎಲ್ಲೋ ಮಲಗಿ ಏಳುತ್ತಿದ್ದರು ಎಂದೇ ಏಳೆಂಟು ವರ್ಷದವರೆಗೂ ತಿಳಿದುಕೊಂಡಿದ್ದೆ. ಮರಾಠಿಯಲ್ಲಿ ಗೋದಿ ಎಂದರೆ ಹಡಗುಕಟ್ಟೆ, ಡಾಕ್ ಎಂದು ಗೊತ್ತಾದದ್ದು ಆಮೇಲೆ. ಆದರೆ ನನ್ನ ಎಣಿಕೆ ಪೂರ್ತಿ ತಪ್ಪೂ ಆಗಿರಲಿಲ್ಲ. 1956ರಲ್ಲಿ ಪಿ.ಎಲ್. 480 ಎಂಬ ಆಹಾರಧಾನ್ಯದ ಒಪ್ಪಂದವಾದ ಮೇಲೆ ಅಮೆರಿಕದ ಗೋಧಿ ಹಡಗು ಹಡಗಾಗಿ ಬೊಂಬಾಯಿಗೆ ಬಂತು. ದೇಶದ ಹೊಟ್ಟೆಗೆ ಸೇರುವ ಮೊದಲು ಅದು ಅಜ್ಜನಂಥವರ ಬೆನ್ನಿನ ಮೇಲೆ ಹಾದುಹೋಗಿದೆ.

ಅಜ್ಜ ಕಾರ್ಕಳದ ಕಡೆಯಿಂದ ಮಂಗಳೂರಿಗೆ ನಡೆದು ಬಂದು, ಅಲ್ಲಿಂದ ಹಡಗು ಹತ್ತಿ ಬೊಂಬಾಯಿಗೆ ಹೋದವರು. ನಮ್ಮ ಕಡೆಯಿಂದ ಹೋದವರು ಹೆಚ್ಚಾಗಿ ಹೋಟೆಲು ಸೇರುತ್ತಿದ್ದರು. ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡ, ಇಂಗ್ಲಿಷು ಕಲಿತು ಗುಮಾಸ್ತರಾದವರೂ ಇದ್ದಾರೆ. ಗೋದಿಯಲ್ಲಿ ಬಹಳ ಮಂದಿ ಕೊಂಕಣದವರು, ಘಟ್ಟದ ಮೇಲಿನ ಮರಾಠಿಗರು. ಅವರ ನಡುವೆ ತುಳು ಮಾತಾಡುವ ಅಜ್ಜ ಹೇಗೆ ಸೇರಿಕೊಂಡರೋ, ಯಾರ ಕೈಕಾಲು ಹಿಡಿದರೋ, ಅದನ್ನು ಅವರು ಕೊನೆಯವರೆಗೂ ಬಿಚ್ಚಿ ಹೇಳಲಿಲ್ಲ. ಊರಿಗೆ ಮರಳಿದಾಗ ತಂದ ಸಾಮಾನುಗಳಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇತ್ತು. ಅದರ ಮೇಲಿನ ಅಂಕಿ ಅರ್ಧ ಸವೆದಿತ್ತು. ಅಜ್ಜಿ ದೀಪಾವಳಿಗೆ ದೇವರ ಪಾತ್ರೆಗಳ ಜೊತೆ ಅದನ್ನೂ ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದಳು.

“ಹೊರೆ ತುಂಬ ಭಾರ ಇರುತ್ತಿತ್ತಾ ಅಜ್ಜ?” ಎಂದು ಒಮ್ಮೆ ಕೇಳಿದ್ದೆ.

“ಹೊರೆ ಬಿಡು ಮಗಾ, ಅದಕ್ಕೆ ಬೆನ್ನು ಒಗ್ಗುತ್ತದೆ. ಬೆಳಿಗ್ಗೆ ಗೇಟಿನಲ್ಲಿ ನಿಲ್ಲುವುದಕ್ಕೆ ಮಾತ್ರ ಒಗ್ಗಲಿಲ್ಲ.”

ಆ ಮಾತಿನ ಬೆನ್ನು ಹತ್ತಿ ನಾನು ಬಂದರುಗಳ ಚರಿತ್ರೆ ಓದಲು ತೊಡಗಿದ್ದು. ಓದಿದಷ್ಟೂ ಕಂಡದ್ದು ಆ ಗೇಟೇ.

ಹಡಗೆಂದರೆ ಕಾರ್ಖಾನೆಯ ಯಂತ್ರದ ಹಾಗಲ್ಲ. ಇವತ್ತು ಐದು ಬರಬಹುದು, ನಾಳೆ ಒಂದೂ ಬಾರದಿರಬಹುದು. ಬಂದ ಹಡಗು ಕಟ್ಟೆಗೆ ತಾಗಿ ನಿಂತಷ್ಟು ದಿನವೂ ಮಾಲೀಕನಿಗೆ ನಷ್ಟ. ಹಾಗಾಗಿ ಐದು ಹಡಗಿಗೆ ಬೇಕಾಗುವಷ್ಟು ಜನ ದಿನಾಲೂ ಗೇಟಿನ ಹೊರಗೆ ಕಾದಿರಬೇಕು, ಒಂದೇ ಹಡಗು ಬಂದ ದಿನ ಉಳಿದವರು ಬರಿಗೈಯಲ್ಲಿ ಹಿಂತಿರುಗಬೇಕು. ಕಾದ ಹೊತ್ತಿಗೆ ಕೂಲಿ ಇಲ್ಲ. 1849ರ ಸುಮಾರಿಗೆ ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ ಲಂಡನ್ ಡಾಕಿನ ಗೇಟಿನಲ್ಲಿ ಬೆಳಗಿನ ಹೊತ್ತು ನಿಂತು, ಹೆಸರು ಕರೆಯುವವನ ಕಣ್ಣಿಗೆ ಬೀಳಲು ಜನ ಒಬ್ಬರ ಮೇಲೊಬ್ಬರು ಬೀಳುವುದನ್ನು ನೋಡಿ ಬರೆದ. ನಲವತ್ತು ವರ್ಷದ ಬಳಿಕ, 1889ರ ಆಗಸ್ಟಿನಲ್ಲಿ, ಲಂಡನ್ನಿನ ಡಾಕ್ ಕೆಲಸಗಾರರು ಕೆಲಸ ನಿಲ್ಲಿಸಿದರು. ಗಂಟೆಗೆ ಐದು ಪೆನ್ಸ್ ಇದ್ದದ್ದು ಆರು ಆಗಬೇಕು ಎಂಬ ಬೇಡಿಕೆ ಎಲ್ಲರಿಗೂ ನೆನಪಿದೆ. ಕರೆದರೆ ಕಡಿಮೆಯೆಂದರೂ ನಾಲ್ಕು ಗಂಟೆಯ ಕೆಲಸ ಕೊಡಬೇಕು ಎಂಬ ಇನ್ನೊಂದು ಬೇಡಿಕೆಯೂ ಇತ್ತು. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಗಂಟೆಯೊಂದರ ಕೆಲಸಕ್ಕೆ ಕರೆದು ಹೊರಗಟ್ಟಿದರೆ ಆರು ಪೆನ್ಸ್ ತೆಗೆದುಕೊಂಡು ಮನೆಯಲ್ಲಿ ಏನು ಬೇಯಿಸುವುದು? ಐದು ವಾರ ಹಟ ಹಿಡಿದರು. ಆಸ್ಟ್ರೇಲಿಯಾದ ಕೆಲಸಗಾರರು ಸುಮಾರು 30,000 ಪೌಂಡು ಕೂಡಿಸಿ ಕಳಿಸಿದರು. ಗೆದ್ದರು.

ಬೊಂಬಾಯಿಯ ಗೇಟಿನಲ್ಲಿ ನಿಂತು ಜನ ಆರಿಸುತ್ತಿದ್ದವನಿಗೆ ಟೋಳಿವಾಲ ಎಂದು ಹೆಸರು. ಪ್ರಿನ್ಸೆಸ್ ಡಾಕ್ 1880ರಲ್ಲಿ, ವಿಕ್ಟೋರಿಯಾ ಡಾಕ್ 1888ರಲ್ಲಿ, ಅಲೆಕ್ಸಾಂಡ್ರಾ ಡಾಕ್ 1914ರಲ್ಲಿ ತೆರೆದವು. ಈ ಡಾಕುಗಳಲ್ಲಿ ಕಟ್ಟೆಯ ಮೇಲಿನ ಕೆಲಸಕ್ಕೆ ಜನ ಒದಗಿಸುವವನು ಟೋಳಿವಾಲ, ಹಡಗಿನ ಹೊಟ್ಟೆಯೊಳಗಿನ ಕೆಲಸಕ್ಕೆ ಜನ ಹಿಡಿದು ತರುವವನು ಸಾರಂಗ. ಕೂಲಿಯ ಹಣ ಅವರ ಕೈ ದಾಟಿಯೇ ಬರಬೇಕು; ದಾಟುವಾಗ ಒಂದಿಷ್ಟು ಅಲ್ಲೇ ಅಂಟಿಕೊಳ್ಳುತ್ತಿತ್ತು. ಅಜ್ಜನ ಮಾತಿನಲ್ಲಿ ಹೇಳುವುದಾದರೆ, ಟೋಳಿವಾಲನ ಮನೆಯಲ್ಲಿ ಮದುವೆಯಾದರೆ ಇವರ ಮನೆಯಲ್ಲಿ ಉಪವಾಸ. ಭಾರತದ ಕಾರ್ಮಿಕರ ಸ್ಥಿತಿ ನೋಡಲು ಬಂದ ವಿಟ್ಲಿ ಆಯೋಗ 1931ರಲ್ಲೇ ಹೇಳಿತು: ಬಂದರಿನ ಕೂಲಿಗಳ ಹೆಸರನ್ನು ದಾಖಲೆ ಪುಸ್ತಕದಲ್ಲಿ ಬರೆಯಿರಿ, ಈ ಹಂಗಾಮಿ ದಿನಗೂಲಿಯನ್ನು ತಗ್ಗಿಸಿರಿ ಎಂದು. ಆ ಶಿಫಾರಸು ಕಾನೂನಾಗಲು ಹದಿನೇಳು ವರ್ಷ ಬೇಕಾಯಿತು.

ಆ ಹದಿನೇಳು ವರ್ಷದ ನಡುವೆ ಒಂದು ಶುಕ್ರವಾರ ಬರುತ್ತದೆ. 1944ರ ಏಪ್ರಿಲ್ 14. ಫೋರ್ಟ್ ಸ್ಟಿಕಿನ್ ಎಂಬ ಹಡಗು ವಿಕ್ಟೋರಿಯಾ ಡಾಕಿನಲ್ಲಿ ನಿಂತಿತ್ತು. ಇಂಗ್ಲೆಂಡಿನಿಂದ ಹೊರಟಾಗಲೇ ಅದರಲ್ಲಿ ಸುಮಾರು 1,400 ಟನ್ ಮದ್ದುಗುಂಡು, ಒಂದಿಷ್ಟು ಚಿನ್ನದ ಗಟ್ಟಿ. ಕರಾಚಿಯಲ್ಲಿ ಹತ್ತಿಯ ಸಾವಿರಾರು ಬೇಲುಗಳನ್ನೂ ಅದೇ ಹೊಟ್ಟೆಗೆ ತುರುಕಿದರು. ಹತ್ತಿ ಮತ್ತು ಮದ್ದು ಒಂದೇ ಕಡೆ! ಮಧ್ಯಾಹ್ನದ ಊಟ ಮುಗಿಸಿ ಬಂದ ಕೂಲಿಗಳು ಹಡಗಿನ ಒಳಗಿಂದ ಹೊಗೆ ಏಳುವುದನ್ನು ಕಂಡರು. ನಾಲ್ಕು ಗಂಟೆ ದಾಟಿ ಆರು ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಇನ್ನೂ ದೊಡ್ಡದೊಂದು. ಜಲಪದ್ಮ ಎಂಬ ಹಡಗು ನೀರಿನಿಂದ ಎದ್ದು ದಂಡೆಗೆ ಬಿತ್ತು. ಚಿನ್ನದ ಗಟ್ಟಿಯೊಂದು ಮೈಲಿಯಷ್ಟು ದೂರ ಹಾರಿ ಪಾರ್ಸಿ ಗೃಹಸ್ಥರೊಬ್ಬರ ಮನೆಯ ಛಾವಣಿ ಒಡೆದು ಬಿತ್ತು. ಅಜ್ಜ ಆ ದಿನ ರಾತ್ರಿ ಪಾಳಿಯವರು, ಡೋಂಗ್ರಿಯ ಕೋಣೆಯಲ್ಲಿ ಮಲಗಿದ್ದರು. ಗೋಡೆಯ ಗಾರೆ ಮೈಮೇಲೆ ಉದುರಿ ಎಚ್ಚರವಾಗಿ, ಹೊರಗೆ ಬಂದು ನೋಡಿದರೆ ಆಕಾಶದಿಂದ ಹೊತ್ತಿಕೊಂಡ ಹತ್ತಿ ಮಳೆಯಂತೆ ಬೀಳುತ್ತಿತ್ತು. ಇದನ್ನು ಹೇಳುವಾಗ ಮಾತ್ರ ಅವರು ಕೈ ಎತ್ತಿ ಬೆರಳುಗಳನ್ನು ನಿಧಾನವಾಗಿ ಕೆಳಗಿಳಿಸಿ ತೋರಿಸುತ್ತಿದ್ದರು.

ಸತ್ತವರೆಷ್ಟು? ಒಂದು ಕಡೆ ಎಂಟುನೂರು ಎಂದಿದೆ, ಇನ್ನೊಂದು ಕಡೆ ಸಾವಿರ ದಾಟಿದೆ. ಬೆಂಕಿ ಆರಿಸಲು ಹೋಗಿ ತೀರಿಕೊಂಡ ಅಗ್ನಿಶಾಮಕರು 66 ಮಂದಿ. ಅವರ ನೆನಪಿಗೆ ಇಡೀ ದೇಶ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಆಚರಿಸುತ್ತದೆ, ಅದು ಸರಿಯಾದದ್ದೇ. ಚಿನ್ನದ ಗಟ್ಟಿಗಳ ಲೆಕ್ಕವೂ ಇತ್ತು, ವರ್ಷಗಳ ಮೇಲೂ ಹೂಳೆತ್ತುವಾಗ ಅವು ಸಿಗುತ್ತಿದ್ದವು. ಆದರೆ ಆ ಬೆಳಿಗ್ಗೆ ಟೋಳಿವಾಲ ಕೈ ತೋರಿಸಿ ಒಳಗೆ ಬಿಟ್ಟ ಮನುಷ್ಯನ ಹೆಸರು ಯಾವ ಪುಸ್ತಕದಲ್ಲಿತ್ತು? ಸತ್ತವರ ಲೆಕ್ಕ ಇಷ್ಟು ಅತ್ತಿತ್ತ ಆಗುವುದಕ್ಕೆ ಇದೂ ಒಂದು ಕಾರಣ ಎಂದೇ ನನ್ನ ನಂಬಿಕೆ. ಅಜ್ಜನ ಕೋಣೆಯಲ್ಲಿ ಹನ್ನೊಂದು ಜನ ಇದ್ದರು. ಆ ರಾತ್ರಿ ಒಂಬತ್ತು ಜನರಿಗೆ ಅನ್ನ ಮಾಡಿದ್ದನ್ನು ಅಜ್ಜ ಹೇಳುತ್ತಿದ್ದರು.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಡಾಕ್ ಕೆಲಸಗಾರರ ನೇಮಕವನ್ನು ನಿಯಂತ್ರಿಸುವ ಕಾಯಿದೆ ಬಂತು. ಬೊಂಬಾಯಿಯಲ್ಲಿ ಅದು ಯೋಜನೆಯಾಗಿ ಜಾರಿಯಾದದ್ದು 1951ರಲ್ಲಿ. ಸರ್ಕಾರ, ಮಾಲೀಕರು, ಕಾರ್ಮಿಕರು, ಈ ಮೂವರೂ ಕೂತ ಒಂದು ಮಂಡಳಿ. ಪ್ರತಿಯೊಬ್ಬನ ಹೆಸರೂ ಪುಸ್ತಕದಲ್ಲಿ. ಕೆಲಸ ಸರದಿಯ ಪ್ರಕಾರ. ತಿಂಗಳಿಗೆ ಇಂತಿಷ್ಟು ದಿನದ ಕೂಲಿ ಖಾತ್ರಿ. ಬಂದು ನಿಂತೂ ಕೆಲಸವಿಲ್ಲದೆ ಹೋದರೆ ಹಾಜರಿ ಭತ್ಯೆ. ಕಾಯುವುದೂ ಕೆಲಸವೇ ಎಂದು ಕಾಗದದ ಮೇಲೆ ಒಪ್ಪಿಕೊಂಡ ಹಾಗಾಯಿತು.

ಕಾಗದದ ಮೇಲೆ ಇದ್ದದ್ದನ್ನು ಗೇಟಿನವರೆಗೆ ಎಳೆದು ತಂದವರು ಯೂನಿಯನ್ನಿನವರು. ಅವರಲ್ಲಿ ದೊಡ್ಡ ಹೆಸರು ನಮ್ಮ ಕಡೆಯದು: ಪಿ. ಡಿಮೆಲ್ಲೊ. ಕರಾವಳಿಯ ಕೊಂಕಣಿ ಮನೆಯಿಂದ ಬೊಂಬಾಯಿಗೆ ಹೋಗಿ, ಟ್ರಾನ್ಸ್‌ಪೋರ್ಟ್ ಅಂಡ್ ಡಾಕ್ ವರ್ಕರ್ಸ್ ಯೂನಿಯನ್ ಕಟ್ಟಿದ ಸೋಶಿಯಲಿಸ್ಟ್. ಮಂಗಳೂರಿನಲ್ಲಿ ಹೋಟೆಲು ಕೆಲಸಗಾರರನ್ನು ಸಂಘಟಿಸುತ್ತಿದ್ದ ಜಾರ್ಜ್ ಫರ್ನಾಂಡಿಸ್ ಎಂಬ ಹುಡುಗ ಬೊಂಬಾಯಿಗೆ ಹೋಗಿ ಚೌಪಾಟಿಯಲ್ಲಿ ಮಲಗುತ್ತಿದ್ದ ಕಾಲದಲ್ಲಿ ಅವನಿಗೆ ಗುರುವಾಗಿ ಸಿಕ್ಕವರು ಈ ಡಿಮೆಲ್ಲೊ. ಅದೇ ಹುಡುಗ 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಬೊಂಬಾಯಿಯಲ್ಲಿ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರನ್ನು ಸೋಲಿಸಿದ್ದು ಎಲ್ಲರಿಗೂ ಗೊತ್ತು. ಡಿಮೆಲ್ಲೊ ಅದನ್ನು ನೋಡಲು ಇರಲಿಲ್ಲ, 1958ರಲ್ಲೇ ತೀರಿಕೊಂಡಿದ್ದರು. ಡಾಕುಗಳ ಉದ್ದಕ್ಕೂ ಸಾಗುವ ಫ್ರಿಯರ್ ರೋಡಿಗೆ ಅವರ ಹೆಸರಿಟ್ಟರು. ಸಿ.ಎಸ್.ಎಂ.ಟಿ. ನಿಲ್ದಾಣದಲ್ಲಿ ರೈಲು ಇಳಿದು ಪಿ. ಡಿಮೆಲ್ಲೊ ರೋಡಿನಲ್ಲಿ ಲಾಡ್ಜ್ ಹುಡುಕುವ ನಮ್ಮೂರಿನವರಿಗೆ ಆತ ಯಾರೆಂದು ತಿಳಿದಿರಲಿ ಎಂದು ನನಗೆ ಬಹಳ ಆಸೆ.

ಕೊಚ್ಚಿಯ ಬಂದರಿನಲ್ಲಿ ದಿನಗೂಲಿಗೆ ಜನ ಆರಿಸುವುದು ಇನ್ನಷ್ಟು ಕಠೋರವಾಗಿ ನಡೆದಿದೆ. ಮಟ್ಟಾಂಚೇರಿಯಲ್ಲಿ ಚಾಪ್ಪ ಎಂಬ ಪದ್ಧತಿ ಇತ್ತು. ಜನ ಒದಗಿಸುವ ಮೂಪನ್ ಎಂಬವನು ಲೋಹದ ಟೋಕನುಗಳನ್ನು ಗುಂಪಿನ ಮೇಲೆ ಎಸೆಯುತ್ತಿದ್ದ, ಬಡಿದಾಡಿ ಹಿಡಿದವನಿಗೆ ಆ ದಿನದ ಕೆಲಸ. ಕೋಳಿಗೆ ಕಾಳು ಎಸೆಯುವಾಗಲೂ ನಾವು ಎಲ್ಲ ಕೋಳಿಗೆ ಸಿಗುವ ಹಾಗೆ ಎಸೆಯುತ್ತೇವೆ. ಅದರ ವಿರುದ್ಧ ಹೋರಾಟ ಎದ್ದು, 1953ರ ಸೆಪ್ಟೆಂಬರ್ 15ರಂದು ಪೊಲೀಸರ ಗುಂಡಿಗೆ ಕೆಲಸಗಾರರು ಬಲಿಯಾದರು. ಅಜ್ಜನ ಬಿಲ್ಲೆಯೂ ಲೋಹದ್ದೇ, ಚಾಪ್ಪವೂ ಲೋಹದ್ದೇ. ಚಾಪ್ಪ ಸಂಜೆಗೆ ಮುಗಿಯುತ್ತದೆ. ಬಿಲ್ಲೆಯ ಅಂಕಿ ಪುಸ್ತಕದಲ್ಲಿ ಹೆಸರಿನ ಎದುರು ಬರೆದಿರುತ್ತದೆ.

ಬಿಲ್ಲೆ ಎಂದಾಗ ಸಿನಿಮಾ ನೋಡುವವರಿಗೆ 786 ನೆನಪಾದೀತು. ‘ದೀವಾರ್’ ಬಂದದ್ದು 1975ರಲ್ಲಿ. ಅಮಿತಾಭ್ ಅದರಲ್ಲಿ ಡಾಕಿನ ಕೂಲಿ, 786 ಅಂಕಿಯ ಬಿಲ್ಲೆ ಅವನನ್ನು ಕಾಯುತ್ತದೆ. ಹಫ್ತಾ ವಸೂಲಿ ಮಾಡುವವರನ್ನು ಗೋದಾಮಿನೊಳಗೆ ಬೀಗ ಹಾಕಿಕೊಂಡು ಒಬ್ಬನೇ ಬಡಿಯುತ್ತಾನೆ. ಮಂಗಳೂರಿನ ಟಾಕೀಸಿನಲ್ಲಿ ಅಪ್ಪನ ಜೊತೆ ಅದನ್ನು ನೋಡಿದಾಗ ನಾನೂ ಸೀಟಿನ ತುದಿಗೆ ಬಂದಿದ್ದೆ. ಈಗ ನೋಡುವಾಗ ಒಂದು ಕೊರತೆ ಚುಚ್ಚುತ್ತದೆ: ಆ ಡಾಕಿನಲ್ಲಿ ಯೂನಿಯನ್ ಎಲ್ಲಿ? 1954ರ ‘ಆನ್ ದ ವಾಟರ್‌ಫ್ರಂಟ್’ ಇನ್ನೂ ದೊಡ್ಡ ಚಿತ್ರ. ಮಾಲ್ಕಂ ಜಾನ್ಸನ್ ಎಂಬ ವರದಿಗಾರ ನ್ಯೂಯಾರ್ಕ್ ಬಂದರಿನ ದರೋಡೆಕೋರರ ಬಗ್ಗೆ ಬರೆದ ಲೇಖನಗಳಿಂದ ಹುಟ್ಟಿದ್ದು. ಬೆಳಿಗ್ಗೆ ಟೋಕನಿಗಾಗಿ ಜನ ನೆಲದ ಮೇಲೆ ಹೊರಳಾಡುವ ದೃಶ್ಯ ಅದರಲ್ಲಿದೆ, ಮಟ್ಟಾಂಚೇರಿಯನ್ನೇ ನೋಡಿದಂತಾಗುತ್ತದೆ. ಆದರೆ ಅಲ್ಲಿ ಯೂನಿಯನ್ನೇ ಖಳ, ಬಿಡಿಸುವವನು ಮತ್ತೆ ಒಬ್ಬನೇ ಒಬ್ಬ. ರಾಜೀವ್ ರವಿ ಮಾಡಿದ ಮಲಯಾಳಂ ಚಿತ್ರ ‘ತುರಮುಖಂ’, 2023ರಲ್ಲಿ ತೆರೆಕಂಡದ್ದು, ಚಾಪ್ಪದ ಕಥೆಯನ್ನು ಜನಜಂಗುಳಿಯ ಕಡೆಯಿಂದ ಹೇಳುತ್ತದೆ. ಉದ್ದವಾಯಿತು, ನಿಧಾನ ಎಂದು ದೂರಿದವರಿದ್ದಾರೆ. ಅದರ ಕತ್ತಲೆಯಲ್ಲಿ, ಕೆಸರಿನಲ್ಲಿ ನನಗೆ ಅಜ್ಜನ ಗೇಟು ಸಿಕ್ಕಿತು.

ಕನ್ನಡದಲ್ಲಿ? ಮುಂಬಯಿ ನಮ್ಮ ಸಾಹಿತ್ಯಕ್ಕೆ ಬಹಳ ಕೊಟ್ಟಿದೆ. ಚಿತ್ತಾಲರ ‘ಶಿಕಾರಿ’ಯ ಕಂಪನಿ ಕಚೇರಿ ಇದೆ, ವ್ಯಾಸರಾಯ ಬಲ್ಲಾಳರ ‘ಬಂಡಾಯ’ದಲ್ಲಿ ಕಾರ್ಮಿಕರ ಹೋರಾಟ ಇದೆ. ಹಡಗಿನ ಹೊಟ್ಟೆಗೆ ಇಳಿದ ಕಾದಂಬರಿಯನ್ನು ನಾನಿನ್ನೂ ಓದಿಲ್ಲ. ಅಲ್ಲಿ ಬರೆಯುವುದಕ್ಕೆ ಎಷ್ಟಿತ್ತು! ಸಿಮೆಂಟು ಇಳಿಸಿದ ದಿನ ಬೆವರಿನೊಂದಿಗೆ ಅದು ಕುತ್ತಿಗೆಯಲ್ಲಿ ಗಟ್ಟಿಯಾಗುವುದು, ಹಸಿ ತೊಗಲಿನ ವಾಸನೆ ಸ್ನಾನಕ್ಕೆ ಹೋಗದೆ ಇರುವುದು, ಕೊಕ್ಕೆ ಹಿಡಿದು ಹಿಡಿದು ಬಲಗೈ ಬೆರಳು ಪೂರ್ತಿ ಬಿಚ್ಚಲಾಗದಿರುವುದು. ಅಜ್ಜ ಊಟಕ್ಕೆ ಕೂತರೆ ತುತ್ತು ಕಟ್ಟುತ್ತಿದ್ದದ್ದು ಮೂರೇ ಬೆರಳಿನಲ್ಲಿ.

ಬಿಲ್ಲೆಯ ಕಾಲ ಮುಗಿಸಿದ್ದು ಒಂದು ಪೆಟ್ಟಿಗೆ. 1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್ನಿಗೆ ಐಡಿಯಲ್ ಎಕ್ಸ್ ಎಂಬ ಹಡಗು 58 ಕಂಟೇನರು ಹೊತ್ತು ಹೊರಟಿತು. ಕೈಯಲ್ಲಿ ಸರಕು ತುಂಬಿದರೆ ಟನ್ನಿಗೆ ಆರು ಡಾಲರಿನ ಹತ್ತಿರ ಬೀಳುತ್ತಿದ್ದ ಖರ್ಚು ಹದಿನಾರು ಸೆಂಟಿಗೆ ಇಳಿಯಿತಂತೆ. ಮುಂಬಯಿಯ ಎದುರು ದಂಡೆ ನ್ಹಾವಾ ಶೇವಾದಲ್ಲಿ 1989ರಲ್ಲಿ ಹೊಸ ಬಂದರು ತೆರೆದ ಮೇಲೆ ಹಳೆಯ ಡಾಕುಗಳ ಉಸಿರು ತಗ್ಗಿತು. ಫೋರ್ಟ್ ಸ್ಟಿಕಿನ್ ಸಿಡಿದ ವಿಕ್ಟೋರಿಯಾ ಡಾಕಿಗೆ ಈಗ ಮಣ್ಣು ತುಂಬಿ ನೆಲ ಮಾಡಿದ್ದಾರೆ.

ಬೆನ್ನಿನ ಹೊರೆ ಇಳಿದದ್ದಕ್ಕೆ ನನಗೆ ಬೇಸರವಿಲ್ಲ, ಅಜ್ಜನಿಗೂ ಇರುತ್ತಿರಲಿಲ್ಲ. ಕಾಯುವುದು ಮಾತ್ರ ಹೋಗಿಲ್ಲ. ಈಗಿನ ಹುಡುಗರು ರಸ್ತೆ ಬದಿಯಲ್ಲಿ ಬೈಕ್ ನಿಲ್ಲಿಸಿ, ಫೋನು ನೋಡುತ್ತಾ, ಮುಂದಿನ ಆರ್ಡರಿಗೆ ಕೂತಿರುವುದನ್ನು ಕಂಡಾಗ ಅವರ ಆ ಹೊತ್ತಿನ ಲೆಕ್ಕವನ್ನು ಯಾರು ಬರೆಯುತ್ತಿದ್ದಾರೆ ಎಂದು ಕೇಳಿಕೊಳ್ಳುತ್ತೇನೆ.

ಅಜ್ಜಿ ತೀರಿಕೊಂಡ ಮೇಲೆ ಅವಳ ಪೆಟ್ಟಿಗೆಯಲ್ಲಿ ಬಿಲ್ಲೆಯ ಜೊತೆ ಒಂದು ಮನಿಯಾರ್ಡರ್ ಕೂಪನ್ ಸಿಕ್ಕಿತು, 1951ರ ಆ ಯೋಜನೆ ಬಂದ ಹೊಸತರದ್ದು. ಅಜ್ಜನ ಅಕ್ಷರ: ಈ ವಾರ ಎರಡು ದಿನ ಹಡಗು ಇರಲಿಲ್ಲ, ನಿಂತದ್ದಕ್ಕೆ ಹಣ ಕೊಟ್ಟಿದ್ದಾರೆ, ಅದೂ ಇದರಲ್ಲಿ ಸೇರಿದೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಶಾಲೆಯ ಮಾಸ್ತರರಿಂದ ಎರಡು ಸಲ ಓದಿಸಿ, ಹಣವನ್ನು ಮುಟ್ಟದೆ ಇಟ್ಟು, ಅವರಿಂದಲೇ ಒಂದು ಕಾರ್ಡು ಬರೆಸಿದ್ದಳಂತೆ: ಕೆಲಸ ಮಾಡದೆ ಬಂದ ಹಣ ನಮ್ಮದು ಹೌದಾ, ಆಮೇಲೆ ತಿರುಗಿ ಕೇಳುವುದಿಲ್ಲವಾ? ಅದಕ್ಕೆ ಬಂದ ಉತ್ತರವೂ ಪೆಟ್ಟಿಗೆಯಲ್ಲಿತ್ತು, ಮಡಿಕೆಯಲ್ಲಿ ಹರಿದ ಪೋಸ್ಟ್ ಕಾರ್ಡು. ಒಂದೇ ಸಾಲು.

“ನಮ್ಮದೇ. ಅಕ್ಕಿ ತೆಗೆದುಕೋ.”