ಬಿನ್ನಹದಿಂದ ಪ್ರಶ್ನೆಗೆ: ಮೈಸೂರಿನ ಸಭೆಗಳಲ್ಲಿ ಸರ್ಕಾರದ ಉತ್ತರ

ಸರ್ಕಾರವನ್ನು ಪ್ರಶ್ನಿಸುವ ಹಕ್ಕೂ, ಆ ಪ್ರಶ್ನೆಗೆ ಸರ್ಕಾರವು ಉತ್ತರ ಕೊಡಬೇಕೆಂಬ ಕಟ್ಟುಪಾಡೂ ಒಂದೇ ಕಾಲದಲ್ಲಿ ಹುಟ್ಟಿದುವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಮೈಸೂರು ಸಂಸ್ಥಾನದ ಚರಿತ್ರೆಯನ್ನು ನೋಡಿದರೆ ಸಂಗತಿ ಬೇರೆಯಾಗಿ ತೋರುತ್ತದೆ. ಇಲ್ಲಿ ಮೊದಲು ಹುಟ್ಟಿದುದು ಉತ್ತರ. ಪ್ರಶ್ನೆ ಕೇಳುವ ಹಕ್ಕು ಬಂದುದು ನಾಲ್ವತ್ತು ವರ್ಷಗಳ ಮೇಲೆ. ಈ ಹಿಂದುಮುಂದು ನಮ್ಮ ಶಾಸನಸಭೆಯ ನುಡಿಗಟ್ಟಿನಲ್ಲಿ ಇಂದಿಗೂ ಗುರುತು ಉಳಿಸಿಕೊಂಡಿದೆಯೆಂಬುದೂ, ಶಿವಮೊಗ್ಗ ಜಿಲ್ಲೆಯ ಎರಡು ವಿಷಯಗಳಲ್ಲಿ ಅದರ ಫಲ ಕಾಣುತ್ತದೆಂಬುದೂ ನಮ್ಮ ಅಭಿಪ್ರಾಯ.

1881ರ ಮಾರ್ಚಿಯಲ್ಲಿ ಬ್ರಿಟಿಷರು ಐವತ್ತು ವರ್ಷಗಳ ಕಮಿಷನರುಗಳ ಆಳ್ವಿಕೆಯನ್ನು ಮುಗಿಸಿ ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿ ಕೊಟ್ಟರು. ಕೊಟ್ಟುದು ಷರತ್ತುಗಳೊಡನೆ, ರೆಸಿಡೆಂಟರ ಕಣ್ಣು ಆಡಳಿತದ ಮೇಲೆ ಇದ್ದೇ ಇತ್ತು. ಅದೇ ವರ್ಷ ಆಗಸ್ಟ್ 25ರಂದು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸುವ ಆಜ್ಞೆ ಹೊರಟಿತು. ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, 144 ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ಸೇರಿದರು. ಇವರು ತಾಲ್ಲೂಕುಗಳ ರೈತರೂ ಭೂಮಾಲೀಕರೂ, ಜಿಲ್ಲೆಗಳ ವರ್ತಕರೂ ಆಗಿದ್ದರು. ಯಾರೂ ಇವರನ್ನು ಚುನಾಯಿಸಿರಲಿಲ್ಲ. ದಿವಾನ್ ಸಿ. ರಂಗಾಚಾರ್ಲು ಅವರು ಹಿಂದಿನ ವರ್ಷದ ಆದಾಯ ವೆಚ್ಚಗಳನ್ನೂ ಮುಂದಿನ ಉದ್ದೇಶಗಳನ್ನೂ ಅವರ ಮುಂದೆ ನಿರೂಪಿಸಿದರು. ಕೇಳದೆ ಕೊಟ್ಟ ಉತ್ತರವೆಂದು ನಾವು ಹೇಳುವುದು ಇದನ್ನೇ.

ಆ ಬಳಿಕ ಪ್ರತಿನಿಧಿಗಳು ತಮ್ಮ ಸೀಮೆಯ ಕಷ್ಟಗಳನ್ನು ಅರಿಕೆಮಾಡಿಕೊಳ್ಳುತ್ತಿದ್ದರು. ಕೆರೆಯ ದುರಸ್ತಿ, ರಸ್ತೆ, ಶಾಲೆ, ಔಷಧಾಲಯ, ಕಂದಾಯದ ವಜಾ, ಅರಣ್ಯದ ಕಟ್ಟಳೆ ಮೊದಲಾದುವೇ ಅಲ್ಲಿಯ ವಿಷಯಗಳು. ಬಯಲುಸೀಮೆಯವರಿಗೆ ಕೆರೆಯ ಏರಿ ಹೇಗೋ, ಅಡಕೆ ತೋಟದ ಮಲೆನಾಡಿನವರಿಗೆ ಸೊಪ್ಪಿನಬೆಟ್ಟ ಹಾಗೆ. ಇವುಗಳ ವ್ಯಾಕರಣವನ್ನು ಗಮನಿಸಬೇಕು. ಬಿನ್ನಹ ಮಾಡಿಕೊಂಡವನಿಗೆ ಉತ್ತರವನ್ನು ಒತ್ತಾಯಿಸುವ ಹಕ್ಕಿಲ್ಲ. ವಿಷಯವು ದೊರೆಗಳ ಗಮನಕ್ಕೆ ಬಂದರೆ ಅವನ ಕೆಲಸ ಮುಗಿಯಿತು. ಗಮನಕ್ಕೆ ಬಂದುದರ ಮೇಲೆ ಏನು ಮಾಡಬೇಕೆಂಬುದು ಸರ್ಕಾರದ ಚಿತ್ತ. 1891ರಿಂದ ಸಭೆಗೆ ಚುನಾವಣೆ ಬಂದಿತು. ಮತದಾರರು ಬಹು ಕಡಿಮೆ. ಆಸ್ತಿಯೋ ವಿದ್ಯೆಯೋ ಇದ್ದವರಿಗೆ ಮಾತ್ರ ಆ ಭಾಗ್ಯ. ಚುನಾಯಿತರಾಗಿ ಬಂದವರು ಮಾಡಿದುದೂ ಬಿನ್ನಹವನ್ನೇ.

1907ರಲ್ಲಿ ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ ನ್ಯಾಯವಿಧಾಯಕ ಸಭೆ ಏರ್ಪಟ್ಟಿತು. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ (1912-18) ಆ ಸಣ್ಣ ಸಭೆಯ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶ ದೊರೆಯಿತು. ದೊಡ್ಡ ಸಭೆಯಾದ ಪ್ರಜಾಪ್ರತಿನಿಧಿ ಸಭೆಗೆ ಅದು ಕಾನೂನಿನ ಮೂಲಕ ದೊರೆತುದು 1923ರ ಸುಧಾರಣೆಗಳಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಶೀಲರ ಅಧ್ಯಕ್ಷತೆಯ ಸಮಿತಿಯ ವರದಿ ಈ ಸುಧಾರಣೆಗಳಿಗೆ ಆಧಾರ. ಆದರೂ ಎರಡು ಕಟ್ಟುಗಳು ಉಳಿದುವು. ಸಾರ್ವಭೌಮ ಸರ್ಕಾರದೊಡನೆ ಸಂಸ್ಥಾನಕ್ಕಿದ್ದ ಸಂಬಂಧ ಚರ್ಚೆಯ ಹೊರಗೆ ನಿಂತಿತು. ಇನ್ನೊಂದು ಕಟ್ಟು ಹೆಚ್ಚು ಸೋಜಿಗದ್ದು: ಸಭೆಯ ಅಧ್ಯಕ್ಷರು ದಿವಾನರೇ. ಪ್ರಶ್ನೆಗೆ ಉತ್ತರ ಹೇಳಬೇಕಾದ ಸರ್ಕಾರದ ಮುಖ್ಯಸ್ಥರೇ ಆ ಸಭೆಯನ್ನು ನಡೆಸುವವರೂ ಆಗಿದ್ದರು. ಪರೀಕ್ಷೆ ಬರೆಯುವವನೇ ಮೇಲ್ವಿಚಾರಕನಾದಂತೆ ಎಂದು ನಮ್ಮ ವಿದ್ಯಾರ್ಥಿಗಳು ನಕ್ಕಾರು. ಆದರೂ ವರ್ಷವರ್ಷವೂ ನೂರಾರು ಮಂದಿಯ ಮುಂದೆ ನಿಂತು ಲೆಕ್ಕ ಒಪ್ಪಿಸುವ ಅಭ್ಯಾಸವು ಹೊಣೆಯ ಸರ್ಕಾರಕ್ಕಿಂತ ಬಹಳ ಮೊದಲೇ ಇಲ್ಲಿ ಬೇರೂರಿತೆಂಬುದನ್ನು ಅಲ್ಲಗಳೆಯಲಾಗದು.

1949ರಲ್ಲಿ ಈ ಹಳೆಯ ಸಭೆಗಳು ಕೊನೆಗೊಂಡುವು. 1952ರ ಚುನಾವಣೆಯಲ್ಲಿ ವಯಸ್ಕರೆಲ್ಲರ ಮತದಿಂದ ಹೊಸ ವಿಧಾನಸಭೆ ಬಂದಿತು. ಹಿಂದಿನ ವರ್ಷ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹವನ್ನು ಕಂಡಿದ್ದ ಸಾಗರ ಸೀಮೆಯಿಂದ ಶಾಂತವೇರಿ ಗೋಪಾಲಗೌಡರು ಆ ಸಭೆಗೆ ಹೋದರು. ಬಿನ್ನಹದ ಕಾಲ ಆಗ ಮುಗಿದಿತ್ತು.

ಆದರೆ ಬಿನ್ನಹದ ಮಾತು ಮುಗಿಯಲಿಲ್ಲ. ಇಂದು ಕರ್ನಾಟಕ ವಿಧಾನಸಭೆಯ ಪ್ರಶ್ನೋತ್ತರಗಳ ಯಾವ ಹಾಳೆಯನ್ನಾದರೂ ತೆರೆದು ನೋಡಬಹುದು. ಪ್ರಶ್ನೆಗೆ ಚುಕ್ಕೆ ಗುರುತಿರಲಿ ಇಲ್ಲದಿರಲಿ, ಅದರ (ಅ) ಭಾಗ ಬಹುಮಟ್ಟಿಗೆ ಇಂಥ ಊರಿನಲ್ಲಿ ಕುಡಿಯುವ ನೀರಿನ ತೊಂದರೆ ಇರುವುದು “ಸರ್ಕಾರದ ಗಮನಕ್ಕೆ ಬಂದಿದೆಯೇ” ಎಂದೇ ಮೊದಲಾಗುತ್ತದೆ. ಎದುರಿನ ಅಂಕಣದಲ್ಲಿ “ಬಂದಿದೆ” ಎಂಬ ಒಂದೇ ಪದ. (ಆ) ಭಾಗ: “ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?” ಇದಕ್ಕೆ ಸಾಮಾನ್ಯವಾಗಿ ಮೂರು ಬಗೆಯ ಉತ್ತರಗಳುಂಟು: ಅಂಕಿಗಳಿರುವ ಅನುಬಂಧ, “ಪರಿಶೀಲನೆಯಲ್ಲಿದೆ” ಎಂಬ ಮಾತು, “ಅನುದಾನದ ಲಭ್ಯತೆಯನ್ನು ನೋಡಿಕೊಂಡು” ಎಂಬ ಷರತ್ತು. ಮೊದಲ ಭಾಗಕ್ಕೆ “ಬಂದಿರುವುದಿಲ್ಲ” ಎಂದು ಉತ್ತರ ಬಂದರಂತೂ ಉಳಿದ ಭಾಗಗಳೆಲ್ಲ “ಉದ್ಭವಿಸುವುದಿಲ್ಲ” ಎಂಬ ಪದದಲ್ಲಿ ಅಡಗಿಹೋಗುತ್ತವೆ. ಗಮನಕ್ಕೆ ತರುವುದು ಪ್ರಜೆಯ ಕೆಲಸ, ಗಮನಿಸುವುದು ದೊರೆಯ ಕೃಪೆ ಎಂಬ 1881ರ ಅರಿಕೆಯ ಅಚ್ಚೇ ಇಲ್ಲಿಯೂ ಇದೆ. ಹಕ್ಕಿನಿಂದ ಪ್ರಶ್ನೆ ಕೇಳುವ ಸದಸ್ಯನು ಹಳೆಯ ಅರಿಕೆದಾರನ ಮಾತನ್ನೇ ಆಡುತ್ತಿದ್ದಾನೆ.

ಈ ಪದ್ಧತಿಗೆ ಬಲವಿಲ್ಲವೆಂದು ಮಾತ್ರ ತಿಳಿಯಬಾರದು. ಕಚೇರಿಗಳಲ್ಲಿ ‘ಎಲ್.ಎ.ಕ್ಯು.’ ಎಂಬ ಅಕ್ಷರಗಳು ಕಡತದ ಮೇಲೆ ಬಿದ್ದರೆ ಉಳಿದ ಕಡತಗಳು ಪಕ್ಕಕ್ಕೆ ಸರಿಯುತ್ತವೆ. ಪ್ರಶ್ನೆಯು ವಿಧಾನಸಭೆಯ ಸಚಿವಾಲಯದಿಂದ ಇಲಾಖೆಗೆ, ಅಲ್ಲಿಂದ ಜಿಲ್ಲೆಗೆ, ತಾಲ್ಲೂಕಿಗೆ ಇಳಿದು ಬಂದು ಒಬ್ಬ ವಿಷಯ ನಿರ್ವಾಹಕರ ಮೇಜಿನ ಮೇಲೆ ನಿಲ್ಲುತ್ತದೆ. ಅವರು ಬರೆದ ಅಂಕಿಗಳು ಅದೇ ದಾರಿಯಲ್ಲಿ ಮೇಲೇರಿ ಮಂತ್ರಿಗಳ ಬಾಯಲ್ಲಿ ಸರ್ಕಾರದ ಮಾತಾಗುತ್ತವೆ. ಸದನದಲ್ಲಿ ಕೊಟ್ಟ ಮಾತು ನಡೆಯಿತೇ ಎಂದು ವಿಚಾರಿಸಲು ಸರ್ಕಾರಿ ಭರವಸೆಗಳ ಸಮಿತಿಯೂ ಇದೆ. ಅದರ ಹತೋಟಿಗೆ ಸಿಕ್ಕುವುದು ಸ್ಪಷ್ಟವಾದ ಭರವಸೆ. ಪರಿಶೀಲನೆಯಲ್ಲಿದೆಯೆಂಬ ಉತ್ತರವು ಎಷ್ಟರಮಟ್ಟಿಗೆ ಭರವಸೆ ಎಂಬುದು ತರ್ಕಶಾಸ್ತ್ರದವರು ವಿಚಾರ ಮಾಡಬೇಕಾದ ವಿಷಯ.

ಇನ್ನು ನಮ್ಮ ಜಿಲ್ಲೆಯ ಮಾತು. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ 1923ರಲ್ಲಿ, ಸುಧಾರಣೆಯ ವರ್ಷದಲ್ಲೇ, ಕೆಲಸ ಆರಂಭಿಸಿತು. ಮೊದಲ ವರ್ಷಗಳಲ್ಲಿ ನಷ್ಟವಾಯಿತು. ಬೊಕ್ಕಸದ ಹಣ ಕುಲುಮೆಗೆ ಹೋಗುತ್ತಿದೆಯೆಂಬ ಟೀಕೆಗೆ ಸಂಸ್ಥಾನದ ಸರ್ಕಾರ ಉತ್ತರ ಹೇಳಬೇಕಾಯಿತು. ಏಕೆಂದರೆ ಕಾರ್ಖಾನೆ ಅದರದೇ. 1962ರಲ್ಲಿ ಅದು ಕಂಪನಿಯಾಯಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಹೋಗಿ 1998ರಲ್ಲಿ ಅದರಲ್ಲಿ ಲೀನವಾಯಿತು. ಅಂದಿನಿಂದ ಕಾರ್ಖಾನೆಯ ಅಳಿವು ಉಳಿವಿನ ಪ್ರಶ್ನೆಗೆ ಉತ್ತರ ಕೊಡಬೇಕಾದವರು ದೆಹಲಿಯ ಉಕ್ಕು ಸಚಿವರು. ಭದ್ರಾವತಿಯ ಮತದಾರರು ಆರಿಸಿದ ಶಾಸಕರು ಬೆಂಗಳೂರಿನಲ್ಲಿ ಎದ್ದು ಕೇಳಿದರೆ, ಕೇಂದ್ರಕ್ಕೆ ಬರೆಯಲಾಗಿದೆಯೆಂಬುದಕ್ಕಿಂತ ಹೆಚ್ಚಿನದನ್ನು ಹೇಳುವ ಅಧಿಕಾರ ರಾಜ್ಯದ ಮಂತ್ರಿಗಳಿಗಿಲ್ಲ. ಸಂಸ್ಥಾನದ ಕಾಲದಲ್ಲಿ ಉತ್ತರ ಹೇಳುವವರು ಇದ್ದರು, ಕೇಳುವವರ ಹಕ್ಕು ಮೊಟಕಾಗಿತ್ತು. ಈಗ ಹಕ್ಕು ಪೂರ್ಣವಾಗಿದೆ. ಉತ್ತರ ಬೇರೆ ಸದನಕ್ಕೆ ಹೋಗಿದೆ.

ಶರಾವತಿಯ ಸಂತ್ರಸ್ತರ ಕಥೆ ಇದಕ್ಕಿಂತ ಕಠಿಣ. ಹಿರೇಭಾಸ್ಕರದ ಅಣೆಕಟ್ಟಿಗೂ 1964ರಲ್ಲಿ ಮುಗಿದ ಲಿಂಗನಮಕ್ಕಿಗೂ ಮನೆ ತೋಟಗಳನ್ನು ಬಿಟ್ಟುಕೊಟ್ಟ ಕುಟುಂಬಗಳಲ್ಲಿ ಅನೇಕವನ್ನು ಜಿಲ್ಲೆಯ ಇತರ ಕಡೆಗಳ ಅರಣ್ಯಭೂಮಿಯಲ್ಲಿ ನೆಲೆಗೊಳಿಸಲಾಯಿತು. ನೆಲ ತೋರಿಸಿದ ಸರ್ಕಾರವು ಹಕ್ಕುಪತ್ರದ ಕೆಲಸವನ್ನು ಬಹುಮಂದಿಯ ಪಾಲಿಗೆ ಪೂರೈಸಲಿಲ್ಲ. ಅಷ್ಟರಲ್ಲಿ, 1976ರ ಸಂವಿಧಾನ ತಿದ್ದುಪಡಿಯಿಂದ ಅರಣ್ಯವು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಹೋಯಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆಯು ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಡಲು ಕೇಂದ್ರದ ಪೂರ್ವಾನುಮತಿ ಬೇಕೆಂದಿತು. 1964ರಲ್ಲಿ ಬೆಂಗಳೂರಿನಲ್ಲೇ ಕೊಡಬಹುದಾಗಿದ್ದ ಉತ್ತರವು 1980ರ ತರುವಾಯ ಅಲ್ಲಿ ಮಾತ್ರ ಕೊಡಲು ಬಾರದ ಉತ್ತರವಾಯಿತು. ನಮ್ಮ ಅಭಿಪ್ರಾಯದಲ್ಲಿ ತಡಮಾಡಿದ ಉತ್ತರಕ್ಕೆ ಇದಕ್ಕಿಂತ ದೊಡ್ಡ ಬೆಲೆಯನ್ನು ಈ ಜಿಲ್ಲೆಯಲ್ಲಿ ಬೇರೆ ಯಾರೂ ತೆತ್ತಿಲ್ಲ.

ಈ ದಿಕ್ಕಿನಲ್ಲಿ ಕೆಲಸ ಮಾಡಬಯಸುವ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಸಭೆಗಳ ನಡವಳಿಗಳನ್ನು ಭಾಷಣಗಳಿಗಾಗಿ ಓದುವುದು ವಾಡಿಕೆ. ಉತ್ತರಗಳ ಕೊನೆಯಲ್ಲಿ ಬರುವ ಅನುಬಂಧಗಳನ್ನು ಓದಬೇಕು. ತಾಲ್ಲೂಕುವಾರು ಬಾವಿ, ಶಾಲೆ, ಸೇತುವೆಗಳ ಪಟ್ಟಿಗಳು ಅಲ್ಲಿವೆ. ಅದರಲ್ಲಿ ತಮ್ಮ ಊರಿನ ಹೆಸರು ಸಿಕ್ಕಿದರೆ ಆ ವರ್ಷವನ್ನು ಗುರುತುಮಾಡಿಕೊಂಡು, ಊರಿನ ಹಿರಿಯರನ್ನು ಆ ಬಾವಿಯ ವಿಷಯವಾಗಿ ವಿಚಾರಿಸಿ ಬರಬಹುದು.